ಗೆಸ್ಟ್, ಹೋಸ್ಟ್, ಹಾಸ್ಟೈಲ್: ಒಂದು ಪದದ ಬೇರು ಹಿಡಿದು ಹೋಗುವುದು ಹೇಗೆ?

ಹೋಟೆಲ್, ಹಾಸ್ಟೆಲ್, ಹಾಸ್ಪಿಟಲ್, ಹೋಸ್ಟ್. ಈ ನಾಲ್ಕೂ ಒಂದೇ ಮನೆಯ ಪದಗಳು ಅಂತ ತಿಳಿಯಲು ಯಾವ ಡಿಕ್ಷನರಿಯೂ ಬೇಡ, ಕಿವಿಯೇ ಹೇಳಿಬಿಡುತ್ತದೆ. ಆದರೆ ಗೆಸ್ಟ್ ಕೂಡ ಇದೇ ಮನೆಯದು, ಹಗೆತನ ತೋರಿಸುವ ಹಾಸ್ಟೈಲ್ ಕೂಡ ಇದೇ ಮನೆಯದು ಅಂದರೆ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ ಅಲ್ವಾ? ಮನೆಗೆ ಬಂದವನು, ಅವನಿಗೆ ಬಾಗಿಲು ತೆಗೆದವನು, ಕತ್ತಿ ಹಿಡಿದು ಎದುರು ನಿಂತವನು, ಮೂವರಿಗೂ ಒಂದೇ ಬೇರು. ಕೇಳಿದರೆ ಯಾರೋ ಕಟ್ಟಿದ ಕಥೆ ಅನ್ನಿಸುತ್ತದೆ. ಕಥೆ ಅಲ್ಲ, ನಿಜ. ಅದನ್ನು ಇನ್ನೊಬ್ಬರ ಮಾತಿನ ಮೇಲೆ ನಂಬಬೇಕಾಗಿಯೂ ಇಲ್ಲ. ಒಂದು ಹಾಳೆ, ಒಂದು ಪೆನ್ನು, ಇಂಟರ್‌ನೆಟ್‌ನಲ್ಲಿ ಸಿಗುವ ಕೆಲವು ನಿಘಂಟುಗಳು ಇದ್ದರೆ ನೀವೇ ಪರೀಕ್ಷೆ ಮಾಡಬಹುದು. ಈ ಒಂದು ಪದದಲ್ಲಿ ಕಲಿತ ದಾರಿ ಬೇರೆ ಪದಗಳಿಗೂ ಆಗುತ್ತದೆ.

ಶುರು ಮಾಡುವಾಗ ಪದಮೂಲದ ನಿಘಂಟನ್ನು ತೆರೆಯಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಉತ್ತರ ಮೊದಲೇ ಓದಿಬಿಟ್ಟರೆ ಆಮೇಲೆ ಕಣ್ಣು ಅದನ್ನೇ ಹುಡುಕುತ್ತದೆ, ಬೇರೆಯದು ಕಾಣುವುದೇ ಇಲ್ಲ. ಮೊದಲು ಈಗ ಬಳಕೆಯಲ್ಲಿರುವ ಪದಗಳನ್ನು ಅರ್ಥದ ಜೊತೆ ಬರೆದುಕೊಳ್ಳಿ. ‘ಅತಿಥಿ’ಗೆ ಜರ್ಮನ್‌ನಲ್ಲಿ ಗಾಸ್ಟ್. ರಷ್ಯನ್‌ನಲ್ಲಿ ಗೋಸ್ತ್. ಪೋಲಿಷ್‌ನಲ್ಲಿ ಗೋಶ್ಚ್. ಜೆಕ್‌ನಲ್ಲಿ ಹೊಸ್ಟ್. ಹೌದು, ಜೆಕ್ ಭಾಷೆಯಲ್ಲಿ ಹೊಸ್ಟ್ ಅಂದರೆ ಬಂದವನು, ಕರೆದವನಲ್ಲ. ಇಂಗ್ಲಿಷಿನ ಹೋಸ್ಟ್ ಮತ್ತು ಈ ಹೊಸ್ಟ್ ರೋಮನ್ ಲಿಪಿಯಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ, ಅರ್ಥ ಮಾತ್ರ ಬಾಗಿಲಿನ ಆಚೆ ಈಚೆ. ಇಟಾಲಿಯನ್‌ನ ಓಸ್ಪಿತೆ ಮತ್ತು ಫ್ರೆಂಚಿನ ಓತ್ ಇನ್ನೂ ವಿಚಿತ್ರ. ಇವೆರಡೂ ಬಂದವನಿಗೂ ಆಗುತ್ತವೆ, ಕರೆದವನಿಗೂ ಆಗುತ್ತವೆ. ರೊಮೇನಿಯನ್‌ನಲ್ಲಿ ಅತಿಥಿಗೆ ವಾಸ್ಪೆತೆ, ಸೈನ್ಯಕ್ಕೆ ವಾಸ್ತೆ. ಈ ಜೋಡಿಯ ಕೆಳಗೆ ಗೆರೆ ಎಳೆದಿಡಿ, ಮುಂದೆ ಬೇಕಾಗುತ್ತದೆ.

ಬರೆದದ್ದನ್ನು ಭಾಷಾ ಗುಂಪಿನ ಪ್ರಕಾರ ಜೋಡಿಸಿ. ಇಂಗ್ಲಿಷ್, ಜರ್ಮನ್, ಡ್ಯಾನಿಷ್, ಸ್ವೀಡಿಷ್ ಇವು ಜರ್ಮ್ಯಾನಿಕ್. ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ರೊಮೇನಿಯನ್ ಇವು ಲ್ಯಾಟಿನ್‌ನ ಮಕ್ಕಳು. ರಷ್ಯನ್, ಪೋಲಿಷ್, ಜೆಕ್ ಇವು ಸ್ಲಾವಿಕ್. ಈಗ ಹಾಳೆ ನೋಡಿದರೆ ಒಂದು ಗುಂಪಿನಲ್ಲಿ ‘ಗಾ’, ಒಂದರಲ್ಲಿ (ಜೆಕ್ ಬಿಟ್ಟರೆ) ‘ಗೋ’, ಒಂದರಲ್ಲಿ ‘ಹೊ’ ಅಥವಾ ಬರೀ ‘ಒ’. ಈ ಮಾದರಿ ಕಾಣಿಸಿದರೆ ಅರ್ಧ ಕೆಲಸ ಮುಗಿಯಿತು.

ಈಗ ಹಿಂದಕ್ಕೆ ಹೋಗಬೇಕು. ಪ್ರತಿ ಗುಂಪಿನಲ್ಲೂ ಬರಹದಲ್ಲಿ ಸಿಗುವ ಆದಷ್ಟು ಹಳೆಯ ರೂಪ ಯಾವುದು ಅಂತ ಹುಡುಕಿ. ಲ್ಯಾಟಿನ್‌ನಲ್ಲಿ ಎರಡು ಪದ ಸಿಗುತ್ತವೆ. ಒಂದು ಹೊಸ್ಟಿಸ್, ಅಂದರೆ ಶತ್ರು, ಅದೂ ದೇಶದ ಶತ್ರು (ಸ್ವಂತ ಜಗಳದ ಶತ್ರುವಿಗೆ ಇನಿಮಿಕುಸ್ ಅನ್ನುವ ಬೇರೆ ಪದ ಇತ್ತು). ಇನ್ನೊಂದು ಹೊಸ್ಪೆಸ್, ಅಂದರೆ ಅತಿಥಿ, ಅತಿಥಿಯನ್ನು ಇಟ್ಟುಕೊಂಡವನೂ ಹೌದು. ಗೋಥಿಕ್ ಅನ್ನುವ, ಈಗ ಅಳಿದುಹೋದ ಜರ್ಮ್ಯಾನಿಕ್ ಭಾಷೆಯಲ್ಲಿ 4ನೇ ಶತಮಾನದ ಬೈಬಲ್ ಅನುವಾದದಲ್ಲಿ ಗಾಸ್ಟ್ಸ್ ಸಿಗುತ್ತದೆ.

ಜರ್ಮ್ಯಾನಿಕ್ ಗುಂಪಿನಲ್ಲಿ ಇದಕ್ಕಿಂತ ಪೂರ್ತಿಯಾದ ರೂಪ ಸಿಗುವುದು ಒಂದು ಚಿನ್ನದ ಕೊಂಬಿನ ಮೇಲೆ. 1734ರಲ್ಲಿ ಡೆನ್ಮಾರ್ಕಿನ ಗಾಲೆಹೂಸ್ ಎಂಬಲ್ಲಿ ನೆಲದಲ್ಲಿ ಸಿಕ್ಕ ಕೊಂಬು ಅದು, 5ನೇ ಶತಮಾನದ ಹೊತ್ತಿನದು. ಅದರ ಬಾಯಿಯ ಸುತ್ತ ರೂನ್ ಅನ್ನುವ ಹಳೆಯ ಜರ್ಮ್ಯಾನಿಕ್ ಲಿಪಿಯಲ್ಲಿ ಒಂದು ಸಾಲು: ‘ಏಕ್ ಹ್ಲೇವಗಾಸ್ಟಿಜ್ ಹೋಲ್ಟಿಯಜ್ ಹೋರ್ನ ತವಿದೋ’. ಹ್ಲೇವಗಾಸ್ಟಿಜ್ ಎಂಬ ನಾನು ಈ ಕೊಂಬನ್ನು ಮಾಡಿದೆ, ಅಂತ ಕುಶಲಕರ್ಮಿ ತನ್ನ ಹೆಸರು ಕೆತ್ತಿದ್ದಾನೆ. ಹೆಸರಿನ ಕೊನೆಯ ಭಾಗ ನೋಡಿ, ಗಾಸ್ಟಿಜ್. ನಮ್ಮ ಪದವೇ. ಮೂಲ ಕೊಂಬು ಈಗ ಇಲ್ಲ. 1802ರಲ್ಲಿ ಕೋಪನ್‌ಹೇಗನ್‌ನಲ್ಲಿ ಒಬ್ಬ ಅಕ್ಕಸಾಲಿಗ ಕದ್ದು ಕರಗಿಸಿಬಿಟ್ಟ. ಅದಕ್ಕೂ ಮೊದಲೇ ಯಾರೋ ಆ ಸಾಲನ್ನು ಚಿತ್ರದಲ್ಲಿ ನಕಲು ಮಾಡಿಟ್ಟಿದ್ದರಿಂದ ಪದ ಉಳಿಯಿತು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಜೊತೆಗೆ ಆ ನಕಲು ಮಾಡಿದ ಕೈಗಳಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಕೊಂಬು ಯಾಕೆ ಮುಖ್ಯ ಅಂದರೆ ಆ ‘ಇ’ ಸ್ವರ. ಗೋಥಿಕ್‌ನ ಗಾಸ್ಟ್ಸ್‌ನಲ್ಲಿ ಆಗಲೇ ಅದು ಬಿದ್ದುಹೋಗಿದೆ. ಕೊಂಬಿನಲ್ಲಿ ಇದೆ: ಗಾಸ್ಟ್-ಇ-ಜ್. ಲ್ಯಾಟಿನ್‌ನಲ್ಲೂ ಇದೆ: ಹೊಸ್ಟ್-ಇ-ಸ್. ರಷ್ಯನ್‌ನ ಗೋಸ್ತ್ ಬರೆಯುವಾಗ ಕೊನೆಗೆ ಒಂದು ಮೃದು ಚಿಹ್ನೆ ಹಾಕುತ್ತಾರೆ. ತಾನೇ ಸದ್ದು ಮಾಡದ ಆ ಅಕ್ಷರ ಒಂದು ಕಾಲದಲ್ಲಿ ಗಿಡ್ಡ ‘ಇ’ ಆಗಿತ್ತು. ಮೂರು ಗುಂಪುಗಳು, ಮೂರೂ ಕಡೆ ಅದೇ ಜಾಗದಲ್ಲಿ ಅದೇ ಸ್ವರ. ಮೊದಲ ಸಲ ಇದನ್ನು ನನ್ನ ಹಾಳೆಯಲ್ಲಿ ಒಂದರ ಕೆಳಗೆ ಒಂದು ಬರೆದು ನೋಡಿದಾಗ ನಾನು ಸುಮಾರು ಹೊತ್ತು ಹಾಗೇ ಕೂತಿದ್ದೆ.

ಮುಂದಿನ ಕೆಲಸ, ಹುಟ್ಟಿದ ಮಕ್ಕಳು ಯಾರು, ಎರವಲು ಬಂದವರು ಯಾರು ಅಂತ ಬೇರೆ ಮಾಡುವುದು. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಹೋಟೆಲ್ ಪದ ಯುರೋಪಿನ ಹೆಚ್ಚುಕಡಿಮೆ ಎಲ್ಲ ಭಾಷೆಗಳಲ್ಲಿ ಇದೆ, ಫಿನ್ನಿಷ್‌ನಲ್ಲೂ ಹೋಟೆಲ್ಲಿ ಅಂತಾರೆ. ಆದರೆ ಫಿನ್ನಿಷ್ ಈ ಮೂರೂ ಗುಂಪುಗಳಿರುವ ಇಂಡೋ-ಯುರೋಪಿಯನ್ ಕುಟುಂಬಕ್ಕೇ ಸೇರಿದ ಭಾಷೆ ಅಲ್ಲ. ಎಲ್ಲರಲ್ಲೂ ಇದೆ ಅನ್ನುವುದು ರಕ್ತಸಂಬಂಧಕ್ಕೆ ಸಾಕ್ಷಿ ಆಗುವುದಿಲ್ಲ. ಫ್ರೆಂಚಿನ ಒಂದು ಪದ ಇತ್ತೀಚಿನ ಶತಮಾನಗಳಲ್ಲಿ ಎಲ್ಲ ಕಡೆ ಪ್ರಯಾಣ ಮಾಡಿದೆ, ಅಷ್ಟೇ.

ಎರವಲನ್ನು ಗುರುತಿಸುವುದು ಹೇಗೆ? ಒಂದೇ ಭಾಷೆಯಲ್ಲಿ ಒಂದೇ ಬೇರಿನ ಪದಗಳು ಬೇರೆ ಬೇರೆ ವೇಷದಲ್ಲಿ ಇದ್ದರೆ ಸಾಮಾನ್ಯವಾಗಿ ಒಂದಾದರೂ ಹೊರಗಿನಿಂದ ಬಂದಿರುತ್ತದೆ. ಇಂಗ್ಲಿಷಿನಲ್ಲಿ ಹಾಸ್ಟೆಲ್ ಮತ್ತು ಹೋಟೆಲ್ ಎರಡೂ ಇವೆಯಲ್ಲ, ಎರಡೂ ಫ್ರೆಂಚಿನವೇ, ಆದರೆ ಬೇರೆ ಬೇರೆ ಕಾಲದ ಫ್ರೆಂಚ್. ಹಾಸ್ಟೆಲ್ ಬಂದದ್ದು ಮಧ್ಯಯುಗದಲ್ಲಿ, ‘ಸ್’ ಇನ್ನೂ ಇದ್ದಾಗ. ಆಮೇಲೆ ಫ್ರೆಂಚ್ ಜನ ಆ ‘ಸ್’ ಉಚ್ಚರಿಸುವುದನ್ನು ಬಿಟ್ಟರು. ಬರಹದಲ್ಲಿ ಮಾತ್ರ ಅದು ತುಂಬ ಕಾಲ ಉಳಿದಿತ್ತು. 1740ರಲ್ಲಿ ಫ್ರೆಂಚ್ ಅಕಾಡೆಮಿ ತನ್ನ ನಿಘಂಟಿನಲ್ಲಿ ಇಂಥ ಎಷ್ಟೋ ‘ಸ್’ಗಳನ್ನು ತೆಗೆದು ಹಿಂದಿನ ಸ್ವರದ ತಲೆಯ ಮೇಲೆ ಸಣ್ಣ ಟೋಪಿಯಂಥ ಗುರುತು ಹಾಕಿತು. ಫ್ರೆಂಚಿನ ಒತೆಲ್, ಒಪಿತಾಲ್, ಓತ್ ಮೂರರ ‘ಒ’ ಮೇಲೂ ಆ ಟೋಪಿ ಇದೆ. ಅದು ಕಂಡ ಕೂಡಲೇ ಅಲ್ಲಿ ಒಂದು ‘ಸ್’ ಸೇರಿಸಿ ಓದಿ ನೋಡಿ. ಫೊರೆ ಅನ್ನುವುದು ಫಾರೆಸ್ಟ್ ಆಗುತ್ತದೆ, ಒಪಿತಾಲ್ ಹಾಸ್ಪಿಟಲ್ ಆಗುತ್ತದೆ. ಟೋಪಿ ಇದ್ದ ಕಡೆಯೆಲ್ಲ ಹೀಗೇ ಆಗುತ್ತದೆ ಅಂತಲ್ಲ, ಆದರೆ ತುಂಬ ಕಡೆ ಆಗುತ್ತದೆ.

ಗೆಸ್ಟ್ ಬಗ್ಗೆಯೂ ಒಂದು ಮಾತು. ಇದು ಇಂಗ್ಲಿಷಿನ ಸ್ವಂತ ಪದದ ಹಾಗೆ ಕಾಣುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದ ಇತ್ತು ಕೂಡ. ಆದರೆ ಆ ಭಾಷೆಯಲ್ಲಿ ‘ಎ’ಯಂಥ ಸ್ವರಕ್ಕೆ ಮೊದಲು ಬರುವ ‘ಗ’ ಕರಗಿ ‘ಯ’ ಆಗುತ್ತಿತ್ತು, ಹಾಗಾಗಿ ಅದೇ ಪದ ಉಳಿದಿದ್ದರೆ ಇವತ್ತು ‘ಯ’ದಿಂದ ಶುರುವಾಗಬೇಕಿತ್ತು. ಗಟ್ಟಿ ‘ಗ’ ಉಳಿದದ್ದು ವೈಕಿಂಗರ ಭಾಷೆಯ ಗೆಸ್ಟ್ರ್ ಪ್ರಭಾವದಿಂದ. ಗಿವ್, ಗೆಟ್ ಪದಗಳ ‘ಗ’ಕಾರವೂ ಅದೇ ದಾರಿಯದು.

ಈಗ ಬರುವುದು ನಿಜವಾದ ಪರೀಕ್ಷೆ: ಧ್ವನಿ ನಿಯಮ. ಹೆಸರು ಕೇಳಿ ಹೆದರಬೇಡಿ, ಕನ್ನಡ ಬಲ್ಲವರಿಗೆ ಇದು ಹೊಸದಲ್ಲ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ತಮಿಳಿನಲ್ಲಿ ‘ಪ’ ಹಾಗೇ ಉಳಿಯಿತು. ಹಾಗಾಗಿ ಕನ್ನಡದ ‘ಹ’ಕ್ಕೆ ತಮಿಳಿನ ‘ಪ’ ಎದುರು ನಿಂತರೆ ನಾವು ಆಶ್ಚರ್ಯ ಪಡುವುದಿಲ್ಲ, ಸಾಲುಸಾಲು ಪದಗಳಲ್ಲಿ ಹಾಗೇ ಇದೆ ಅಂತ ಗೊತ್ತು. ಯುರೋಪಿನ ಭಾಷೆಗಳಲ್ಲೂ ಇದೇ ಲೆಕ್ಕ. ಒಂದು ಪದದಲ್ಲಿ ಕಂಡ ಬದಲಾವಣೆ ಬೇರೆ ಪದಗಳಲ್ಲೂ ಕಾಣಬೇಕು. ಕಾಣದಿದ್ದರೆ ಸಂಬಂಧ ಇದೆ ಅಂತ ಹೇಳಬೇಡಿ.

ನಮ್ಮ ಪದದಲ್ಲಿ ಲ್ಯಾಟಿನ್‌ನ ‘ಹ’ಕ್ಕೆ ಜರ್ಮನ್‌ನಲ್ಲಿ ‘ಗ’, ರಷ್ಯನ್‌ನಲ್ಲಿ ‘ಗ’. ಇನ್ನೊಂದು ಪದ ತೆಗೆದುಕೊಳ್ಳಿ. ಲ್ಯಾಟಿನ್‌ನಲ್ಲಿ ಹೊರ್ಟುಸ್ ಅಂದರೆ ತೋಟ, ಜರ್ಮನ್‌ನಲ್ಲಿ ಗಾರ್ಟನ್ ಅಂದರೆ ತೋಟ, ರಷ್ಯನ್‌ನಲ್ಲಿ ಗೋರೊದ್ ಅಂದರೆ ಪಟ್ಟಣ. ಮೂರರ ಮೂಲ ಅರ್ಥ ಬೇಲಿ ಹಾಕಿದ ಜಾಗ. ಮತ್ತೆ ಅದೇ ಹ, ಗ, ಗ. ಇನ್ನು ಸ್ವರ. ಲ್ಯಾಟಿನ್‌ನ ‘ಒ’ಗೆ ಜರ್ಮನ್‌ನಲ್ಲಿ ‘ಆ’, ರಷ್ಯನ್‌ನಲ್ಲಿ ‘ಒ’. ರಾತ್ರಿ ಅನ್ನುವ ಪದ ನೋಡಿ: ಲ್ಯಾಟಿನ್ ನೋಕ್ಸ್, ಜರ್ಮನ್ ನಾಖ್ಟ್, ರಷ್ಯನ್ ನೋಚ್. ಎಂಟು ಅನ್ನುವುದಕ್ಕೆ ಲ್ಯಾಟಿನ್‌ನಲ್ಲಿ ಒಕ್ಟೋ, ಜರ್ಮನ್‌ನಲ್ಲಿ ಆಖ್ಟ್. ವ್ಯಂಜನವೂ ಹೊಂದಿತು, ಸ್ವರವೂ ಹೊಂದಿತು. ಜರ್ಮ್ಯಾನಿಕ್ ಗುಂಪಿನ ಇಂಥ ವ್ಯಂಜನ ಬದಲಾವಣೆಗಳನ್ನು ಯಾಕೊಬ್ ಗ್ರಿಮ್ 1822ರಲ್ಲಿ ಒಂದು ಕ್ರಮಕ್ಕೆ ತಂದು ತೋರಿಸಿದರು. ಹೌದು, ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಅದೇ ಗ್ರಿಮ್ ಸಹೋದರರಲ್ಲಿ ಹಿರಿಯವರು.

ಇಷ್ಟಾದ ಮೇಲೆ ಮೂಲ ರೂಪ ಬರೆಯಬಹುದು: *ಘೊಸ್ಟಿಸ್. ಲ್ಯಾಟಿನ್‌ನ ‘ಹ’, ಉಳಿದವರ ‘ಗ’, ಎರಡಕ್ಕೂ ತಾಯಿಯಾಗಿ ‘ಘ’. ರೋಮನ್ ಲಿಪಿಯಲ್ಲಿ ಬರೆಯುವವರು ಇದಕ್ಕೆ ಎರಡು ಅಕ್ಷರ ಜೋಡಿಸಬೇಕು, ನಮ್ಮ ಲಿಪಿಯಲ್ಲಿ ಅದಕ್ಕೆ ಅಂತಲೇ ಒಂದು ಅಕ್ಷರ ಇದೆ. ಪದದ ಮೊದಲಿಗೆ ಹಾಕಿದ ನಕ್ಷತ್ರ ಚಿಹ್ನೆಯನ್ನು ಯಾವತ್ತೂ ಬಿಡಬೇಡಿ. ಇದು ಎಲ್ಲೂ ಬರೆದು ಸಿಕ್ಕ ಪದ ಅಲ್ಲ, ಲೆಕ್ಕ ಹಾಕಿ ಕಟ್ಟಿದ ಪದ ಅಂತ ಅದು ಹೇಳುತ್ತದೆ. ಕಟ್ಟಿದ್ದಕ್ಕೂ ಸಿಕ್ಕಿದ್ದಕ್ಕೂ ವ್ಯತ್ಯಾಸ ಇಟ್ಟುಕೊಳ್ಳದ ಬರಹವನ್ನು ನಾನು ಪೂರ್ತಿ ನಂಬುವುದಿಲ್ಲ.

ಪರೀಕ್ಷೆಯಲ್ಲಿ ಯಾರು ಸೋಲುತ್ತಾರೆ ಅಂತಲೂ ನೋಡಬೇಕು. ದೆವ್ವ ಅನ್ನುವ ಅರ್ಥದ ಗೋಸ್ಟ್ ಇದೆಯಲ್ಲ, ಅದು ರಷ್ಯನ್ ಗೋಸ್ತ್‌ನ ಪಕ್ಕದಲ್ಲಿ ಕೂತರೆ ಅವಳಿಜವಳಿ. ಕರೆಯದೆ ಬಂದ ಅತಿಥಿಯೇ ದೆವ್ವ ಅಂತ ಅರ್ಥವನ್ನೂ ಚೆನ್ನಾಗಿ ಹೊಂದಿಸಬಹುದು. ನಾನೂ ಕೆಲವು ಕಾಲ ಹಾಗೇ ನಂಬಿದ್ದೆ. ಆದರೆ ಸ್ವರ ಒಪ್ಪುವುದಿಲ್ಲ. ಇಂಗ್ಲಿಷಿನ ಸ್ಟೋನ್‌ಗೆ ಜರ್ಮನ್‌ನಲ್ಲಿ ಶ್ಟೈನ್, ಹೋಮ್‌ಗೆ ಹೈಮ್. ಅದೇ ಸಾಲಿನಲ್ಲಿ ಗೋಸ್ಟ್‌ಗೆ ಗೈಸ್ಟ್. ಗಾಸ್ಟ್ ಅಲ್ಲ! ಮೂಲದಲ್ಲಿ ‘ಐ’ ಇದ್ದ ಪದ ಅದು, ಮನೆ ಬೇರೆ. ಹೀಗೇ ರಷ್ಯಾದ ಸಾಮಾನುಗಳ ಮೇಲೆ ಕಾಣುವ ಗೋಸ್ಟ್ ಅನ್ನುವ ಗುಣಮಟ್ಟದ ಗುರುತು ಕೂಡ ಅತಿಥಿ ಅಲ್ಲ. ಅದು ‘ಸರ್ಕಾರಿ ಮಾನದಂಡ’ ಅನ್ನುವ ಎರಡು ರಷ್ಯನ್ ಪದಗಳ ಮೊಟಕು.

ಅರ್ಥದ ವಿಷಯ ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಧ್ವನಿ ಒಪ್ಪುವ ಮೊದಲೇ ಅರ್ಥ ಹಿಡಿದು ಹೊರಟರೆ ಎಲ್ಲಿಗೆ ಬೇಕಾದರೂ ಹೋಗಬಹುದು. ಗ್ರೀಕ್‌ನ ಕ್ಸೆನೋಸ್ ಕೂಡ ಪರಕೀಯನೂ ಹೌದು, ಅತಿಥಿಯೂ ಹೌದು. ಅರ್ಥ ಎಷ್ಟು ಹೊಂದುತ್ತದೆ ನೋಡಿ! ಆದರೆ ಅಷ್ಟರಿಂದಲೇ ಅದನ್ನು ಈ ಮರಕ್ಕೆ ಕಟ್ಟಬೇಡಿ.

ಸರಿ, ಅತಿಥಿ ಮತ್ತು ಶತ್ರು ಒಂದೇ ಪದದಲ್ಲಿ ಹೇಗೆ ಇದ್ದರು? ಇದಕ್ಕೆ ಹಳೆಯ ಸಾಕ್ಷಿಗಳನ್ನೇ ಕೇಳಬೇಕು. ರೋಮ್‌ನ ಲೇಖಕ ಸಿಸೆರೊ ಕ್ರಿ.ಪೂ. 44ರಲ್ಲಿ ಬರೆಯುತ್ತಾ, ನಾವು ಈಗ ಪೆರೆಗ್ರಿನುಸ್ ಅನ್ನುವವನನ್ನು, ಅಂದರೆ ಹೊರನಾಡಿನವನನ್ನು, ನಮ್ಮ ಹಿರಿಯರು ಹೊಸ್ಟಿಸ್ ಅನ್ನುತ್ತಿದ್ದರು ಅಂತ ಹೇಳುತ್ತಾರೆ. ಸಾಕ್ಷಿಗೆ ರೋಮ್‌ನ ಹಳೆಯ ಕಾನೂನಾದ, ಕ್ರಿ.ಪೂ. 5ನೇ ಶತಮಾನದ ಹನ್ನೆರಡು ಫಲಕಗಳ ಕಾನೂನನ್ನು ಮುಂದಿಡುತ್ತಾರೆ. ಅಲ್ಲಿ ‘ಹೊಸ್ಟಿಸ್ ಜೊತೆ ಗೊತ್ತುಮಾಡಿದ ದಿನ’ ಅನ್ನುವ ಮಾತಿದೆ, ಅಂದರೆ ಹೊರಗಿನವನ ಜೊತೆಗಿನ ವ್ಯಾಜ್ಯಕ್ಕೆ ನಿಗದಿಯಾದ ದಿನ. ಯೋಚನೆ ಮಾಡಿ. ಯುದ್ಧದ ಶತ್ರುವಿಗೆ ಯಾರು ಕೋರ್ಟಿನ ದಿನ ಕೊಡುತ್ತಾರೆ? ಆ ಕಾಲದ ಹೊಸ್ಟಿಸ್ ನಮ್ಮವನಲ್ಲ, ಆದರೆ ನಮ್ಮ ಜೊತೆ ವ್ಯವಹಾರ ಇರುವವನು, ಅವನಿಗೂ ನಮಗೂ ನಡುವೆ ಒಪ್ಪಿದ ನಿಯಮ ಇದೆ. ಲ್ಯಾಟಿನ್‌ನಲ್ಲೇ ಹೊಸ್ಟಿರೆ ಅನ್ನುವ ಹಳೆಯ ಕ್ರಿಯಾಪದ ಇದೆ, ಸರಿಸಮ ಮಾಡು, ಪ್ರತಿಯಾಗಿ ಕೊಡು ಅಂತ ಅರ್ಥ. ಫ್ರೆಂಚ್ ಭಾಷಾಶಾಸ್ತ್ರಜ್ಞ ಎಮಿಲ್ ಬೆನ್ವೆನಿಸ್ಟ್ ಇದನ್ನೆಲ್ಲ ಇಟ್ಟುಕೊಂಡು, ಈ ಪದದ ಹೃದಯದಲ್ಲಿ ಇರುವುದು ಕೊಟ್ಟು ತೆಗೆದುಕೊಳ್ಳುವ ಸಂಬಂಧ ಅಂತ ವಾದಿಸಿದರು. ನನಗೆ ಇದೇ ಸರಿ ಅನ್ನಿಸುತ್ತದೆ.

ಉಳಿದ ಗುಂಪುಗಳೂ ಅದೇ ಕಡೆಗೆ ಬೆರಳು ತೋರಿಸುತ್ತವೆ. ಗೋಥಿಕ್ ಬೈಬಲ್‌ನಲ್ಲಿ ಗಾಸ್ಟ್ಸ್ ಬರುವುದು ಗ್ರೀಕ್‌ನ ಕ್ಸೆನೋಸ್ ಇರುವ ಕಡೆ, ಗುರುತಿಲ್ಲದ ಹೊರಗಿನವನು ಅನ್ನುವ ಅರ್ಥದಲ್ಲಿ. ಹಳೆಯ ರಷ್ಯಾದಲ್ಲಿ ಗೋಸ್ತ್ ಅಂದರೆ ಬೇರೆ ಊರಿನಿಂದ ಬರುವ ವ್ಯಾಪಾರಿ ಕೂಡ. ಸೇಂಟ್ ಪೀಟರ್ಸ್‌ಬರ್ಗ್‌ನ ಗೋಸ್ಟಿನಿ ದ್ವೋರ್ ಅನ್ನುವ ದೊಡ್ಡ ವ್ಯಾಪಾರದ ಕಟ್ಟಡದ ಹೆಸರಿನಲ್ಲಿ ಇರುವುದು ಆ ವ್ಯಾಪಾರಿಯೇ. ಹಾಗಾದರೆ ಮೂಲದಲ್ಲಿ ಇದ್ದವನು ಹೊರಗಿನವನು. ಉತ್ತರದ ಭಾಷೆಗಳಲ್ಲಿ ಅವನು ಮನೆಯೊಳಗೆ ಬಂದ, ಅತಿಥಿಯಾದ. ರೋಮ್‌ನಲ್ಲಿ ಕಾಲ ಕಳೆದಂತೆ ಹೊರಗಿನವನು ಅಂದರೆ ಎದುರಾಳಿ ಅನ್ನುವ ಹಾಗೆ ಆಯಿತು. ಶತ್ರುವಿನಿಂದ ಸೈನ್ಯಕ್ಕೆ ಒಂದೇ ಹೆಜ್ಜೆ. ಮಧ್ಯಯುಗದ ಲ್ಯಾಟಿನ್‌ನಲ್ಲಿ ಹೊಸ್ಟಿಸ್ ಸೈನ್ಯವೇ ಆಗಿಬಿಟ್ಟಿತು. ಗೆರೆ ಎಳೆದಿಟ್ಟ ರೊಮೇನಿಯನ್ ವಾಸ್ತೆ ಇಲ್ಲಿಂದ ಬಂದದ್ದು. ಇಂಗ್ಲಿಷಿನಲ್ಲಿ ‘ಎ ಹೋಸ್ಟ್ ಆಫ್’ ಅಂದರೆ ದೊಡ್ಡ ಗುಂಪು ಅನ್ನುತ್ತೇವಲ್ಲ, ಆ ಹೋಸ್ಟ್ ಕೂಡ ಸೈನ್ಯದ ಹೋಸ್ಟ್, ಮನೆಯ ಯಜಮಾನನದಲ್ಲ. ಚರ್ಚಿನಲ್ಲಿ ಕೊಡುವ ಪವಿತ್ರ ರೊಟ್ಟಿಗೂ ಇಂಗ್ಲಿಷಿನಲ್ಲಿ ಹೋಸ್ಟ್ ಅಂತಾರೆ, ಅದು ಬಲಿ ಅನ್ನುವ ಅರ್ಥದ ಹೊಸ್ಟಿಯಾದಿಂದ ಬಂದ ಮೂರನೇ ಪದ. ನಿಘಂಟಿನಲ್ಲಿ ಒಂದೇ ಕಾಗುಣಿತದ ಪದಕ್ಕೆ 1, 2, 3 ಅಂತ ಬೇರೆ ಬೇರೆ ನಮೂದು ಇದ್ದರೆ ಮೂರನ್ನೂ ಓದಿ.

ಇನ್ನು ಹೊಸ್ಪೆಸ್. ಇದು ಎರಡು ತುಂಡಿನ ಪದ, *ಘೊಸ್ಟಿ ಜೊತೆ *ಪೊಟ್. ಎರಡನೆಯ ತುಂಡಿಗೆ ಒಡೆಯ ಅಂತ ಅರ್ಥ. ಅದು ನಮಗೆ ಚೆನ್ನಾಗಿ ಪರಿಚಯ ಇದೆ: ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಪತಿ’ಯ ಬಂಧು ಅದು. ಗೃಹಪತಿ ಇದ್ದ ಹಾಗೆ ಅತಿಥಿಪತಿ, ಹೊರಗಿನವನ ಹೊಣೆ ಹೊತ್ತವನು. ಆದರೆ ಹೊಣೆ ಎರಡೂ ಕಡೆಯದು. ಇವತ್ತು ನಾನು ನಿನಗೆ ಜಾಗ ಕೊಟ್ಟರೆ ನಾಳೆ ನಿನ್ನ ಊರಿಗೆ ಬಂದಾಗ ನೀನು ನನಗೆ ಕೊಡಬೇಕು. ಹಾಗಾಗಿ ಒಂದೇ ಪದ ಇಬ್ಬರಿಗೂ ಸಂದಿತು. ಫ್ರೆಂಚಿನ ಓತ್ ಇವತ್ತಿಗೂ ಆ ಎರಡು ಮುಖ ಉಳಿಸಿಕೊಂಡಿದೆ.

ಹೊಸ್ಪೆಸ್‌ನಿಂದ ಹೊಸ್ಪಿಟಾಲೆ, ಅತಿಥಿಗಳಿಗೆ ಸಂಬಂಧಿಸಿದ ಜಾಗ. ಮಧ್ಯಯುಗದಲ್ಲಿ ಯಾತ್ರಿಕರು, ಬಡವರು, ಕಾಯಿಲೆಯವರು ಎಲ್ಲರೂ ಒಂದೇ ಸೂರಿನಡಿ ತಂಗುತ್ತಿದ್ದರು. ಆಮೇಲೆ ದಾರಿಗಳು ಬೇರೆಯಾದವು. ಕಾಯಿಲೆಯವರದು ಹಾಸ್ಪಿಟಲ್, ಪ್ರಯಾಣಿಕರದು ಹೋಟೆಲ್. ಹಳೆಯ ಜೋಡಣೆಯ ಗುರುತು ಇನ್ನೂ ಅಲ್ಲಲ್ಲಿ ಇದೆ: ಪ್ಯಾರಿಸ್‌ನ ಒತೆಲ್-ದ್ಯೋ ಒಂದು ಆಸ್ಪತ್ರೆ, ಫ್ರಾನ್ಸಿನ ಊರುಗಳ ಒತೆಲ್ ದ ವಿಲ್ ಅಂದರೆ ನಗರಸಭೆಯ ಕಟ್ಟಡ, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಹೆಸರಿನಲ್ಲಿ ತಲೆ ಕಳೆದುಕೊಂಡ ಹಾಸ್ಪಿಟಲ್ ಇದೆ. ನಾವು ಹೇಳುವ ಆಸ್ಪತ್ರೆ ಕೂಡ ಈ ಮನೆಯದೇ, ಅಲ್ಲಿ ‘ಹ’ ಹೋಗಿದೆ.

ನಿಘಂಟುಗಳ ಬಗ್ಗೆ ಒಂದೇ ಸಲಹೆ. ವಿಕ್ಷನರಿಯಿಂದ ಶುರು ಮಾಡಿ, ಬೇಗ ದಾರಿ ತೋರಿಸುತ್ತದೆ, ಆದರೆ ಅಲ್ಲೇ ನಿಲ್ಲಬೇಡಿ. ಜರ್ಮನ್ ಪದಕ್ಕೆ ಕ್ಲೂಗೆ, ರಷ್ಯನ್‌ಗೆ ಫಾಸ್ಮರ್, ಇಂಗ್ಲಿಷಿಗೆ ಆಕ್ಸ್‌ಫರ್ಡ್, ಹೀಗೆ ಆಯಾ ಭಾಷೆಯ ನಿಘಂಟನ್ನೇ ನೋಡಿ. ಎರಡು ನಿಘಂಟುಗಳು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆದಿಡಿ.

ಇದೇ ಕ್ರಮದಲ್ಲಿ ನೀವೇ ಹಿಡಿಯಲು ಒಂದು ಪದ ಬೇಕಾದರೆ ಮೇಲೆ ಬಂದ ತೋಟವನ್ನೇ ತೆಗೆದುಕೊಳ್ಳಿ. ಹೊರ್ಟುಸ್, ಗಾರ್ಟನ್, ಗೋರೊದ್ ಮೂರೂ ಆಗಲೇ ನಿಮ್ಮ ಹಾಳೆಯಲ್ಲಿವೆ. ಇಂಗ್ಲಿಷಿನಲ್ಲಿ ಅದೇ ಬೇರಿಗೆ ಯಾರ್ಡ್ ಮತ್ತು ಗಾರ್ಡನ್ ಅಂತ ಎರಡು ಪದ ಯಾಕೆ ಇವೆ, ಅದರಲ್ಲಿ ಸ್ವಂತದ್ದು ಯಾವುದು, ಫ್ರೆಂಚ್ ಸುತ್ತಿಕೊಂಡು ಬಂದದ್ದು ಯಾವುದು ಅಂತ ಮೊದಲು ನೋಡಿ. ಗೆಸ್ಟ್‌ನಲ್ಲಿ ಕರಗದೆ ಉಳಿದ ಆ ‘ಗ’ವನ್ನು ನೆನಪಿನಲ್ಲಿಟ್ಟುಕೊಂಡರೆ ಉತ್ತರ ಬೇಗ ಸಿಗುತ್ತದೆ.